ಸಣ್ಣ ವರ್ತಕನ ಲೆಕ್ಕದ ಪೆಟ್ಟಿಗೆಗೆ ಬೀಗವೆಲ್ಲಿ?

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳ ವ್ಯಾಪಾರವು ಇಂದು ಕಂಪ್ಯೂಟರು, ಮೊಬೈಲುಗಳನ್ನೇ ನೆಚ್ಚಿಕೊಂಡಿದೆಯೆಂದರೆ ಅತಿಶಯೋಕ್ತಿಯಾಗದು. ಅಡಿಕೆ, ರಬ್ಬರು, ಕೊಕ್ಕೋ, ಕರಿಮೆಣಸುಗಳನ್ನು ಕೊಳ್ಳುವವನ ಕೀರ್ದಿ-ಖಾತೆಗಳು ಕಾಗದವನ್ನು ಬಿಟ್ಟು ಯಂತ್ರವನ್ನು ಸೇರಿವೆ. 2017ರ ಜುಲೈಯಿಂದ ಜಿ.ಎಸ್.ಟಿ. ಲೆಕ್ಕವನ್ನು ಇಂಟರ್ನೆಟ್ಟಿನ ಮೂಲಕವೇ ಒಪ್ಪಿಸಬೇಕಾಗಿದೆ. 2016ರಲ್ಲಿ ಆರಂಭವಾದ ಯು.ಪಿ.ಐ. ಪದ್ಧತಿಯು ಬೊಂಡ ಮಾರುವವನ ಬಳಿಗೂ ಬಂದಿದೆ. ಇದೆಲ್ಲ ಸಂತೋಷದ ಸಂಗತಿಯೇ ಸರಿ. ಆದರೆ ಕಬ್ಬಿಣದ ತಿಜೋರಿಗೆ ಎರಡು ಬೀಗ ಜಡಿಯುವ ನಮ್ಮ ವರ್ತಕನು ಈ ಹೊಸ ತಿಜೋರಿಯ ಬಾಗಿಲನ್ನು ತೆರೆದೇ ಇಟ್ಟಿರುವನೆಂದು ಖೇದದಿಂದ ಹೇಳಬೇಕಾಗಿದೆ.

"ನನ್ನಂಥ ಬಡ ವ್ಯಾಪಾರಿಯಲ್ಲಿ ಕಳ್ಳನಿಗೇನು ಸಿಕ್ಕೀತು?" ಎಂಬ ಮಾತು ಪೇಟೆಯಲ್ಲಿ ಕೇಳಿಬರುತ್ತದೆ. ಇದು ಕೇವಲ ಭ್ರಮೆ. ಈ ಬಗೆಯ ಕಳ್ಳನು ಸಿರಿವಂತನ ಮನೆಯನ್ನು ಹುಡುಕಿ ಕನ್ನ ಹಾಕುವವನಲ್ಲ. ಸಾವಿರಾರು ಬಾಗಿಲುಗಳನ್ನು ಯಂತ್ರದಿಂದಲೇ ತಳ್ಳಿ ನೋಡಿ, ತೆರೆದುಕೊಂಡುದನ್ನು ಹೊಗುವವನು. 2017ರ ಮೇ ತಿಂಗಳಲ್ಲಿ 'ವಾನ್ನಾಕ್ರೈ' ಎಂಬ ದುಷ್ಟ ತಂತ್ರಾಂಶವು ಸುಮಾರು 150 ದೇಶಗಳಲ್ಲಿ ಹರಡಿ, ಕಡತಗಳಿಗೆ ಬೀಗ ಹಾಕಿ, ಬಿಡಿಸಿಕೊಳ್ಳಲು ಹಣ ಕೇಳಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಕಂಪೆನಿಯವರು ಅದೇ ಮಾರ್ಚಿನಲ್ಲಿ ಪುಕ್ಕಟೆಯಾಗಿಯೇ ಒದಗಿಸಿದ್ದರು. ಅದನ್ನು ಹಾಕಿಕೊಂಡವರು ಉಳಿದರು; ಉದಾಸೀನರಾದವರು ಕೆಟ್ಟರು.

ನಮ್ಮ ದೇಶದಲ್ಲಿಯೇ ನಡೆದ ಇನ್ನೊಂದು ಸಂಗತಿಯನ್ನು ಸಹಕಾರಿಗಳು ಮರೆಯಬಾರದು. 2024ರ ಜುಲೈ 31ರಂದು, ಸಹಕಾರಿ ಹಾಗೂ ಗ್ರಾಮೀಣ ಬೇಂಕುಗಳಿಗೆ ಕಂಪ್ಯೂಟರ್ ಸೇವೆಯನ್ನೊದಗಿಸುವ ಸಿ-ಎಡ್ಜ್ ಎಂಬ ಸಂಸ್ಥೆಯು ಇಂತಹದೇ ಹಾವಳಿಗೆ ತುತ್ತಾದುದರಿಂದ, ಎನ್.ಪಿ.ಸಿ.ಐ.ಯವರು ಆ ಸಂಸ್ಥೆಯ ಸಂಪರ್ಕವನ್ನು ಕಡಿದರು. ಸುಮಾರು 300 ಸಣ್ಣ ಬೇಂಕುಗಳ ಗಿರಾಕಿಗಳಿಗೆ ಹಣದ ಪಾವತಿಯು ಕೆಲಕಾಲ ನಿಂತುಹೋಯಿತು. ತಪ್ಪು ಒಂದೆಡೆ, ತೊಂದರೆ ನೂರೆಡೆ!

ಈಗಿನ ಸ್ಥಿತಿಯೇನು? ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ರಕ್ಷಣಾ ತಿದ್ದುಪಡಿಗಳು 2025ರ ಅಕ್ಟೋಬರ್ 14ಕ್ಕೆ ಮುಗಿದುವು. ತಮ್ಮ ಅಂಗಡಿಯ ಮೇಜಿನ ಮೇಲಿರುವುದು ಯಾವುದೆಂಬುದನ್ನು ವಾಚಕರು ಇಂದೇ ನೋಡಿಕೊಳ್ಳಲಿ.

ಸರಕಾರದವರು ಸುಮ್ಮನಿಲ್ಲವೆಂಬುದು ನಿಜ. ಕೇಂದ್ರದ ಸರ್ಟ್-ಇನ್ ಸಂಸ್ಥೆಯವರು 2022ರ ಏಪ್ರಿಲ್ 28ರಂದು ಹೊರಡಿಸಿದ ಆಜ್ಞೆಯಂತೆ, ಇಂತಹ ಅನಾಹುತವನ್ನು ತಿಳಿದ 6 ಗಂಟೆಗಳೊಳಗೆ ವರದಿ ಮಾಡಬೇಕು; ಯಂತ್ರದ ದಾಖಲೆಗಳನ್ನು 180 ದಿನ ಕಾಪಾಡಬೇಕು. ಬೆಂಗಳೂರಿನ ದೊಡ್ಡ ಕಂಪೆನಿಗೆ ಇದಕ್ಕಾಗಿಯೇ ಒಂದು ಇಲಾಖೆಯಿದೆ. ಸುಳ್ಯದ ಅಂಗಡಿಗಿರುವುದು ಒಬ್ಬ ಗುಮಾಸ್ತ. 2025ರ ಸೆಪ್ಟೆಂಬರಿನಲ್ಲಿ ಅದೇ ಸಂಸ್ಥೆಯವರು ಸಣ್ಣ ಉದ್ಯಮಗಳಿಗೆಂದೇ 15 ಮೂಲನಿಯಮಗಳನ್ನು ಪ್ರಕಟಿಸಿರುವುದು ಸ್ತುತ್ಯರ್ಹವಾದರೂ, ನಿಯಮವನ್ನು ಬರೆದ ಮಾತ್ರಕ್ಕೆ ಅದು ಕಡಬದ ಅಂಗಡಿಯನ್ನು ತಲಪದು. ಹೊಣೆಯನ್ನು ಎಲ್ಲರಿಗೂ ಸಮನಾಗಿ ಹೊರಿಸಿ, ಹೊರುವ ಶಕ್ತಿಯನ್ನು ಕೆಲವರಿಗೆ ಮಾತ್ರ ಬಿಟ್ಟರೆ ಅದನ್ನು ನ್ಯಾಯವೆನ್ನಲಾಗದು.

ಹಾಗಾದರೆ ರಕ್ಷಣೆಯು ದುಬಾರಿಯೇ? ಅಲ್ಲ. ಲೆಕ್ಕದ ಪ್ರತಿಯನ್ನು ದಿನದ ಕೊನೆಗೆ ಬೇರೊಂದು ಡಿಸ್ಕಿಗೆ ಇಳಿಸಿ, ಅದನ್ನು ಯಂತ್ರದಿಂದ ಬಿಡಿಸಿ ಎತ್ತಿಟ್ಟರೆ, ಬೀಗ ಹಾಕುವ ಕಳ್ಳನ ಬಲ ಅರ್ಧ ಮುರಿಯಿತು. ವಿಂಡೋಸಿನೊಡನೆಯೇ ಬರುವ ಡಿಫೆಂಡರಿಗೆ ಬೇರೆ ಬೆಲೆಯಿಲ್ಲ. ಇ-ಮೇಲಿಗೂ ಬೇಂಕಿಗೂ ಎರಡು ಹಂತದ ಪರೀಕ್ಷೆಯನ್ನಿಡಲು ಖರ್ಚಿಲ್ಲ. ಸೋಂಕನ್ನು ತೆಗೆಯುವ ಸಾಧನಗಳನ್ನು ಸರಕಾರದ ಸೈಬರ್ ಸ್ವಚ್ಛತಾ ಕೇಂದ್ರವು 2017ರಿಂದ ಉಚಿತವಾಗಿ ಕೊಡುತ್ತಿದೆ. ಮದುವೆಯ ಕರೆಯೋಲೆಯೆಂದೋ ವಾಹನದ ದಂಡದ ಚೀಟಿಯೆಂದೋ ವಾಟ್ಸಾಪಿನಲ್ಲಿ ಬರುವ ಎ.ಪಿ.ಕೆ. ಕಡತವನ್ನು ತೆರೆಯಬಾರದು. "ನಮ್ಮ ಬೇಂಕು ಖಾತೆ ಬದಲಾಗಿದೆ" ಎಂಬ ಪತ್ರ ಬಂದರೆ, ಮೊದಲಿಂದ ಗೊತ್ತಿರುವ ನಂಬರಿಗೆ ಕರೆದು ವಿಚಾರಿಸಿದ ಹೊರತು ಹಣ ಕಳುಹಿಸಬಾರದು. ಹಣ ಪಡೆಯುವುದಕ್ಕೆ ಪಿನ್ ಬೇಕಿಲ್ಲವೆಂಬುದನ್ನು ಅಂಗಡಿಯ ಹುಡುಗನಿಗೂ ಕಲಿಸಬೇಕು. ಮೋಸವಾದ ಕ್ಷಣವೇ 1930ಕ್ಕೆ ಕರೆದರೆ ಹಣವನ್ನು ನಡುದಾರಿಯಲ್ಲಿ ತಡೆಯುವ ಸಂಭವವುಂಟು. ನಾಚಿಕೆಯಿಂದ ತಡಮಾಡಿದರೆ ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ.

ಕೊರತೆಯಿರುವುದು ಇವನ್ನು ತಪ್ಪದೆ ಮಾಡಿಸುವ ಒಬ್ಬ ತಿಳಿದವನಿಗೆ. ಒಬ್ಬ ವರ್ತಕನು ಅಂತಹವನಿಗೆ ಸಂಬಳ ಕೊಡಲಾರ. ಇಪ್ಪತ್ತು ವರ್ತಕರು ಕೂಡಿದರೆ ಕೊಡಬಲ್ಲರು. ಈ ಪಾಠವನ್ನು ನಮ್ಮ ಸೀಮೆಗೆ ಹೊರಗಿನವರು ಹೇಳಬೇಕಾಗಿಲ್ಲ. ಮೊಳಹಳ್ಳಿ ಶಿವರಾಯರು ಸಹಕಾರದ ಬೀಜವನ್ನು ಬಿತ್ತಿದ ನೆಲವಿದು. ಅಡಿಕೆಯ ಧಾರಣೆ ಕುಸಿದಾಗ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೋವನ್ನು ಕಟ್ಟಿದರು. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕಲೇಟು ಕಾರ್ಖಾನೆಯೂ ತಲೆಯೆತ್ತಿತು. ಬೆಲೆಯನ್ನು ಕೂಡಿ ಕಾದುಕೊಂಡವರಿಗೆ ಲೆಕ್ಕವನ್ನು ಕೂಡಿ ಕಾದುಕೊಳ್ಳುವುದು ಅಸಾಧ್ಯವೇ?

ಆದುದರಿಂದ ನಮ್ಮ ಸೂಚನೆ ಇಷ್ಟು. ಮೂರು ತಾಲೂಕುಗಳ ವರ್ತಕರ ಸಂಘಗಳೂ ಪ್ರಾಥಮಿಕ ಸಹಕಾರಿ ಸಂಘಗಳೂ ಕೂಡಿ, ತಿಂಗಳ ಚಂದಾದ ಮೇಲೆ ತಜ್ಞರನ್ನು ನೇಮಿಸಲಿ. ಪುತ್ತೂರಿನ ವಿವೇಕಾನಂದ, ಸುಳ್ಯದ ಕೆ.ವಿ.ಜಿ. ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಅಂಗಡಿಗಳ ಯಂತ್ರಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಲಿ. ರಾಜ್ಯ ಸರಕಾರವು ತನ್ನ 2024ರ ಸೈಬರ್ ಭದ್ರತಾ ನೀತಿಯಲ್ಲಿ ಹೇಳಿದ ಜಾಗೃತಿ, ತರಬೇತಿಗಳನ್ನು ಬೆಂಗಳೂರಿನಲ್ಲಿಯೇ ನಿಲ್ಲಿಸದೆ, ಅಚ್ಚಗನ್ನಡದ ಕರಪತ್ರಗಳೊಡನೆ ತಾಲೂಕು ಕಚೇರಿಗಳಿಗೆ ಇಳಿಸಲಿ. ವರ್ತಕನ ಖಾತೆಯಲ್ಲಿ ಅವನ ಲೆಕ್ಕವಷ್ಟೇ ಅಲ್ಲದೆ ಅವನಿಗೆ ಅಡಿಕೆ ಮಾರಿದ ನೂರಾರು ರೈತರ ಬಾಕಿಯೂ ಇದೆ. ಆ ಖಾತೆ ಅಳಿದರೆ ರೈತನಿಗೆ ಸಾಕ್ಷಿಯೇನು? ಅಧಿಕಾರಿಗಳೂ ಸಹಕಾರಿ ಮುಂದಾಳುಗಳೂ ಈ ಪ್ರಶ್ನೆಗೆ ಬೇಗನೆ ಲಕ್ಷ್ಯವೀಯುವರೆಂದು ನಂಬುತ್ತೇವೆ.