ಎರವಿನ ಗಾಂಡೀವ

“ಎಲ್ಲವೂ ದೈವಚಿತ್ತ, ಮನುಷ್ಯನ ಕೈಯಲ್ಲೇನಿದೆ?” ಎಂಬ ಮಾತು ನಮ್ಮ ಜನರ ಬಾಯಲ್ಲಿ ಎರಡು ಸಮಯಗಳಲ್ಲಿ ಬರುವುದುಂಟು. ಮಾಡತಕ್ಕುದನ್ನು ಮಾಡದೆ ಬಿಟ್ಟಾಗ ಒಮ್ಮೆ. ಮಾಡಬಾರದುದನ್ನು ಮಾಡಿ ಸಿಕ್ಕಿಬಿದ್ದಾಗ ಇನ್ನೊಮ್ಮೆ. ಕಾರ್ಯವು ಕೈಗೂಡಿದಾಗ ಮಾತ್ರ ಈ ವೇದಾಂತವು ಯಾರ ನೆನಪಿಗೂ ಬಾರದು. ಇದಕ್ಕೆ ಶಾಸ್ತ್ರಾಧಾರವುಂಟೆಂದು ಹೇಳುವವರು ಮಹಾಭಾರತವನ್ನು ಮುಂದಿಡುತ್ತಾರೆ. ಆದಕಾರಣ ಆ ಗ್ರಂಥವು ಅರ್ಜುನನ ವಿಷಯದಲ್ಲಿ ಏನು ಹೇಳುತ್ತದೆಂಬುದನ್ನು ವಾಚಕರಿಗೆ ಜ್ಞಾಪಿಸುವುದು ಯುಕ್ತವೆಂದು ಭಾವಿಸುತ್ತೇವೆ.

ಕುರುಕ್ಷೇತ್ರದಲ್ಲಿ ಅರ್ಜುನನು ಬಿಲ್ಲನ್ನು ಕೆಳಗಿಟ್ಟು ಕುಳಿತ ಸಂಗತಿಯನ್ನು ಅರಿಯದವರಿಲ್ಲ. ಆಗ ಭಗವಂತನು ಅವನನ್ನು ಸಂತೈಸುವುದಕ್ಕೆ ಮೊದಲು ಗದರಿಸಿದನು. ಅವನಿಗೆ ಬದಲಾಗಿ ತಾನು ಯುದ್ಧಮಾಡುವೆನೆಂದು ಹೇಳಲಿಲ್ಲ. ಮುಂದೆ ಪಿತಾಮಹನೊಡನೆ ಅರ್ಜುನನು ಕೈ ಸಡಿಲಿಸಿ ಹೋರಾಡುತ್ತಿದ್ದುದನ್ನು ಕಂಡು, ಆಯುಧವನ್ನು ಹಿಡಿಯೆನೆಂದಿದ್ದ ಕೃಷ್ಣನೇ ಚಕ್ರವನ್ನು ಹಿಡಿದು ರಥದಿಂದ ಧುಮುಕಿದನು. ಅರ್ಜುನನು ಓಡಿಹೋಗಿ ಅವನನ್ನು ತಡೆದು, ಇನ್ನು ತಾನೇ ಮನಃಪೂರ್ವಕವಾಗಿ ಕಾದುವೆನೆಂದು ಮಾತುಕೊಟ್ಟನು. ಲೋಕವನ್ನೇ ಆಡಿಸುವ ಶಕ್ತಿಯು ಒಬ್ಬ ಮನುಷ್ಯನ ಮಾತನ್ನು ನಂಬಿ ಪುನಃ ಕುದುರೆಗಳ ಲಗಾಮನ್ನು ಹಿಡಿಯಿತು! ಕೈಕಟ್ಟಿ ಕುಳಿತಿರುವವರಿಗೆ ಇಲ್ಲಿ ಎಳ್ಳಷ್ಟೂ ಆಧಾರವು ದೊರೆಯುವುದಿಲ್ಲ.

ಇದಕ್ಕಿಂತ ಕಠೋರವಾದುದು ಮೌಸಲಪರ್ವದ ಕಥೆ. ಗದಾಪರ್ವಕ್ಕೆ ನಿಲ್ಲುವ ಕುಮಾರವ್ಯಾಸನ ಕಾವ್ಯವನ್ನು ಕೇಳಿ ಬೆಳೆದ ನಮ್ಮವರಿಗೆ ಇದರ ಪರಿಚಯವು ಕಡಿಮೆ. ಯುದ್ಧವಾಗಿ 36 ವರ್ಷಗಳ ಮೇಲೆ ಯಾದವರು ತಮ್ಮೊಳಗೇ ಹೊಡೆದಾಡಿ ಮಡಿದರು. ಕೃಷ್ಣನೂ ಅವತಾರವನ್ನು ಮುಗಿಸಿದನು. ಉಳಿದ ಹೆಂಗಸರನ್ನೂ ಮಕ್ಕಳನ್ನೂ ಮುದುಕರನ್ನೂ ಕರೆದುಕೊಂಡು ಅರ್ಜುನನು ದ್ವಾರಕೆಯಿಂದ ಹೊರಟನು. ಪಂಚನದ ದೇಶದಲ್ಲಿ ದೊಣ್ಣೆ ಹಿಡಿದ ದರೋಡೆಗಾರರ ಗುಂಪೊಂದು ಅಡ್ಡಗಟ್ಟಿತು. ಅರ್ಜುನನು ನಕ್ಕನು, ಜೀವದಾಸೆಯಿದ್ದರೆ ಹಿಂದಿರುಗಿರೆಂದನು. ಅವರು ಹಿಂದಿರುಗಲಿಲ್ಲ. ಗಾಂಡೀವಕ್ಕೆ ಹೆದೆಯೇರಿಸುವುದೇ ಪ್ರಯಾಸವಾಯಿತು. ದಿವ್ಯಾಸ್ತ್ರಗಳು ಸ್ಮರಣೆಗೆ ಬರಲಿಲ್ಲ. ಅಕ್ಷಯವೆನಿಸಿದ್ದ ಬತ್ತಳಿಕೆಗಳು ಬರಿದಾದುವು. ಕಡೆಗೆ ಬಿಲ್ಲಿನ ತುದಿಯಿಂದ ಬಡಿದನು. ಭೀಷ್ಮ ದ್ರೋಣರನ್ನು ಎದುರಿಸಿದವನ ಕಣ್ಣೆದುರಿನಲ್ಲೇ ಹೆಂಗಸರನ್ನು ಎಳೆದೊಯ್ದರು.

ತೋಳು ಅದೇ, ಬಿಲ್ಲೂ ಅದೇ. ಅಸ್ತ್ರಗಳು ಬಂದ ಕೆಲಸವನ್ನು ಮುಗಿಸಿ ಬಂದಲ್ಲಿಗೇ ಹೋದುವೆಂದು ವ್ಯಾಸರು ಅನಂತರ ತಿಳಿಸಿದರು. ಗಾಂಡೀವವಾದರೂ ಖಾಂಡವದಹನದ ಕಾಲದಲ್ಲಿ ಅಗ್ನಿಯು ವರುಣನಿಂದ ತಂದುಕೊಟ್ಟುದು. ಮಹಾಪ್ರಸ್ಥಾನದ ದಾರಿಯಲ್ಲಿ ಆ ಅಗ್ನಿಯೇ ಎದುರುನಿಂತು ಅದನ್ನು ಹಿಂದಕ್ಕೆ ಕೇಳಿದನು. ಅರ್ಜುನನು ಬಿಲ್ಲನ್ನೂ ಬತ್ತಳಿಕೆಗಳನ್ನೂ ನೀರಿಗೆ ಹಾಕಿದನು. ಅಧಿಕಾರದ ಮೊಹರನ್ನು ತಮ್ಮ ಮೈಯ ಒಂದು ಅಂಗವೆಂದೇ ತಿಳಿದಿದ್ದವರನ್ನು ನಿವೃತ್ತಿಯ ಮರುದಿನ ಕಛೇರಿಯ ಜವಾನನೂ ಗುರುತಿಸದಿರುವುದನ್ನು ನಾವು ಕಾಣುತ್ತಲೇ ಇದ್ದೇವೆ. ಒಂದೇ ದಿನದಲ್ಲಿ ಶತ್ರುಗಳನ್ನೆಲ್ಲ ಸುಟ್ಟುಬಿಡುವೆನೆಂದು ಹೇಳಿಕೊಂಡ ಗರ್ವದಿಂದಲೇ ಅರ್ಜುನನು ಹಿಮಾಲಯದ ದಾರಿಯಲ್ಲಿ ಬಿದ್ದನೆಂದು ಧರ್ಮರಾಜನು ಹೇಳುತ್ತಾನೆ. ಸ್ವಂತ ತಮ್ಮನೆಂಬ ದಾಕ್ಷಿಣ್ಯವೂ ಅಲ್ಲಿಲ್ಲ.

ದೈವವಾದಿಗಳು ಈ ಕಥೆಯನ್ನು ಹೇಳುವಾಗ ದರೋಡೆಯವರೆಗೆ ಹೇಳಿ ನಿಲ್ಲಿಸಿಬಿಡುವುದು ನಮಗೆ ಸರಿದೋರುವುದಿಲ್ಲ. ಬಲವೆಲ್ಲ ಕಳಚಿಹೋದ ಮೇಲೆ ಅರ್ಜುನನು ದಾರಿಯ ಬದಿಯಲ್ಲಿ ಕುಳಿತುಬಿಡಲಿಲ್ಲ. ಉಳಿದವರನ್ನು ಕುರುಕ್ಷೇತ್ರಕ್ಕೆ ಕರೆತಂದನು. ಕೃತವರ್ಮನ ಮಗನನ್ನು ಮಾರ್ತಿಕಾವತದಲ್ಲಿಯೂ, ಸಾತ್ಯಕಿಯ ಮಗನನ್ನು ಸರಸ್ವತೀತೀರದಲ್ಲಿಯೂ, ಕೃಷ್ಣನ ವಂಶದ ವಜ್ರನನ್ನು ಇಂದ್ರಪ್ರಸ್ಥದಲ್ಲಿಯೂ ನೆಲೆಗೊಳಿಸಿದನು. ಇದಾವುದೂ ಗಾಂಡೀವದಿಂದಾದ ಕೆಲಸವಲ್ಲ. ಇಷ್ಟೆಲ್ಲವನ್ನು ಮುಗಿಸಿದ ಮೇಲೆಯೇ ಅವನು ವ್ಯಾಸರ ಆಶ್ರಮಕ್ಕೆ ಹೋಗಿ ತನ್ನ ಗೋಳನ್ನು ಹೇಳಿಕೊಂಡನು.