ಅಡಿಕೆ ಮರದ ತಲೆಯೇ ನೆಲ!

"ಅಬ್ಬಿ ನೀರು ತೋಟದ ಟ್ಯಾಂಕಿಗೆ ತಾನಾಗೇ ಇಳಿಯತ್ತೆ, ಪಂಪ್ ಯಾಕೋ?" ಅಂದ್ರು ಅಪ್ಪಯ್ಯ. ನಾನು ಇಂಜಿನಿಯರ್ ಅಲ್ವಾ, ಲ್ಯಾಪ್‌ಟಾಪ್ ತೆಗೆದೆ.

ನಮ್ಮ ತೀರ್ಥಹಳ್ಳಿ ಕಡೆಯ ಗುಡ್ಡಗಳ ಎತ್ತರ ನಾಸಾದ ಎಸ್‌ಆರ್‌ಟಿಎಂ ಫೈಲ್‌ನಲ್ಲಿ ಉಚಿತವಾಗಿ ಸಿಗುತ್ತೆ. ಡೌನ್‌ಲೋಡ್ ಮಾಡಿ ಕ್ಯೂಜಿಐಎಸ್‌ಗೆ ಹಾಕಿದೆ. ಇಳಿಜಾರಿನ ಲೆಕ್ಕ ಎಲ್ಲಾ ಕಡೆ ಗೋಡೆಯಷ್ಟು ಕಡಿದಾಗಿ ಬಂತು. ಕಾರಣ, ಫೈಲ್‌ನಲ್ಲಿ ದೂರ ಡಿಗ್ರಿಯಲ್ಲಿ, ಎತ್ತರ ಮೀಟರ್‌ನಲ್ಲಿ. ಯುಟಿಎಂ 43 ಉತ್ತರ ವಲಯಕ್ಕೆ ಬದಲಿಸಿದೆ, ಸರಿಹೋಯ್ತು. ಆದ್ರೆ ಟ್ಯಾಂಕ್ ಇರೋ ಜಾಗ ಅಬ್ಬಿಗಿಂತ 4 ಮೀಟರ್ ಮೇಲಿದೆ ಅಂತ ತೋರಿಸ್ತು. ಪಂಪ್ ಆರ್ಡರ್ ಮಾಡೋಕೆ ಹೊರಟೆ.

ಅಪ್ಪಯ್ಯ ಮಾತಾಡಲಿಲ್ಲ. ಗಾರೆಯವರ ಹತ್ರ ಇರುತ್ತಲ್ಲ, ನೀರು ತುಂಬಿದ ಲೆವೆಲ್ ಪೈಪ್, ಅದನ್ನು ಹಿಡಿದು ಮೇಲಿಂದ ಹಂತ ಹಂತವಾಗಿ ಅಳೆಯುತ್ತಾ ಬಂದ್ರು. ಅಬ್ಬಿಯೇ 6 ಮೀಟರ್ ಮೇಲಿತ್ತು!

ಆಮೇಲೆ ಹುಡುಕಿ ಓದಿದೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ 11 ದಿನ ಸುತ್ತುತ್ತಾ ರಾಡಾರ್‌ನಿಂದ ಅಳೆದ ಎತ್ತರ ಅದು. ದಟ್ಟ ಮರಗಳಿದ್ದಲ್ಲಿ ಆ ರಾಡಾರ್ ನೆಲದವರೆಗೆ ಇಳಿಯಲ್ಲ, ಎಲೆ-ಕೊಂಬೆಗಳ ನಡುವೆಯೇ ವಾಪಸಾಗುತ್ತೆ. ಅಬ್ಬಿ ಇರೋದು ಬಯಲು ಬೇಣದಲ್ಲಿ, ಟ್ಯಾಂಕ್ ಅಡಿಕೆ ತೋಟದೊಳಗೆ. ಸಾಲದ್ದಕ್ಕೆ ಸುಮಾರು 30 ಮೀಟರ್ ಚೌಕಕ್ಕೆ ಒಂದೇ ಎತ್ತರ.

ಗುಡ್ಡ, ಕಣಿವೆ ನೋಡೋಕೆ ಈ ಡೇಟಾ ಚೆನ್ನಾಗಿದೆ. ನಾಲ್ಕಾರು ಮೀಟರ್ ನಂಬಿ ದುಡ್ಡು ಹಾಕೋ ಮುಂಚೆ ಮಾತ್ರ ಒಮ್ಮೆ ಪೈಪ್ ಹಿಡಿದು ಅಳೆಯಿರಿ.

ಟ್ಯಾಂಕ್ ಈಗ ದಿನಾ ತುಂಬ್ತಿದೆ, ಕರೆಂಟ್ ಇಲ್ಲದೆ.