ಕಾಣೋದು ಬೇರೆ, ನೋಡೋದು ಬೇರೆ

ಸೊರಬ ತಾಲ್ಲೂಕಿನ ಗುಡವಿ ಗೊತ್ತಲ್ವಾ? 1989ರಲ್ಲಿ ಪಕ್ಷಿಧಾಮ ಅಂತ ಘೋಷಣೆಯಾದ ಕೆರೆ. ಮಳೆಗಾಲದಲ್ಲಿ ನೀರಲ್ಲಿ ನಿಂತ ಮರಗಳ ಮೇಲೆ ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿಗಳ ಸಂತೆ.

ಅಲ್ಲಿನ ವೀಕ್ಷಣಾ ಗೋಪುರದ ಮೇಲೆ ನಿಂತು ನನ್ನ ಅಕ್ಕನ ಮಗಳು ಖುಷಿಯಿಂದ ‘ಐ ಆಮ್ ಸೀಯಿಂಗ್ ದಿ ಬರ್ಡ್ಸ್’ ಅಂದ್ಲು. ಪಕ್ಕದಲ್ಲಿದ್ದ ಯಾರೋ ನಕ್ಕರು. ಮನೆ ಮುಟ್ಟೋವರೆಗೂ ಅವಳ ಬಾಯಿಂದ ಇನ್ನೊಂದು ಇಂಗ್ಲಿಷ್ ಮಾತು ಬರಲಿಲ್ಲ.

ತಪ್ಪು ಇಷ್ಟೇ. ತಾನಾಗೇ ಕಣ್ಣಿಗೆ ಬಿದ್ದರೆ ‘ಸೀ’. ನಾವಾಗಿ ಕಣ್ಣು ಹಾಯಿಸಿದರೆ ‘ಲುಕ್ ಆ್ಯಟ್’. ಏನಾಗುತ್ತೆ ಅಂತ ಒಂದಿಷ್ಟು ಹೊತ್ತು ಗಮನವಿಟ್ಟು ನೋಡಿದರೆ ‘ವಾಚ್’. ಅದಕ್ಕೇ ಅದು ‘ಬರ್ಡ್ ವಾಚಿಂಗ್’. ಕಣ್ಣಿಗೆ ಬೀಳೋದು ನಾವು ಮಾಡುವ ಕೆಲಸ ಅಲ್ಲವಲ್ಲ, ಹಾಗಾಗಿ ಈ ಅರ್ಥದಲ್ಲಿ ‘ಸೀ’ಗೆ ಸಾಮಾನ್ಯವಾಗಿ ‘ಇಂಗ್’ ಹಚ್ಚಲ್ಲ.

ಇಂಥ ಕಡೆ ಎಲ್ಲರೂ ಕೊಡುವ ಬುದ್ಧಿವಾದ ಒಂದೇ: ‘ಕನ್ನಡದಲ್ಲಿ ಯೋಚಿಸಬೇಡ, ಇಂಗ್ಲಿಷಲ್ಲೇ ಯೋಚಿಸು.’ ನಾನು ಇದನ್ನ ಒಪ್ಪಲ್ಲ. ಈ ವ್ಯತ್ಯಾಸ ಅವಳಿಗೆ ಆಗಲೇ ಗೊತ್ತಿತ್ತು, ಕನ್ನಡದಲ್ಲಿ!

‘ನಾನು ನೋಡ್ದೆ’ ಅಂತೀವಿ, ‘ನನಗೆ ಕಾಣ್ತು’ ಅಂತೀವಿ. ಮೊದಲನೆಯದು ನಾನು ಮಾಡಿದ್ದು, ಎರಡನೆಯದು ನನಗೆ ಆಗಿದ್ದು. ‘ಎಷ್ಟು ನೋಡಿದ್ರೂ ಹಾವಕ್ಕಿ ಕಾಣ್ಲಿಲ್ಲ’ ಅನ್ನೋ ಮಾತಲ್ಲೇ ಲುಕ್ ಮತ್ತು ಸೀ ಎರಡೂ ಇವೆ. ‘ಹಕ್ಕಿ ಕೂಗಿದ್ದು ಕೇಳಿಸ್ತು’ ಅಂದ್ರೆ ಹಿಯರ್, ‘ಕಿವಿಗೊಟ್ಟು ಕೇಳ್ದೆ’ ಅಂದ್ರೆ ಲಿಸನ್.

ಎಲ್ಲವೂ ಹೀಗೆ ಹೊಂದಲ್ಲ, ನಿಜ. ನಮ್ಮ ‘ನೋಡು’ ಒಂದೇ ಲುಕ್, ವಾಚ್ ಎರಡನ್ನೂ ಹೊರುತ್ತೆ, ಎಷ್ಟೋ ಸಲ ಸೀ ಅನ್ನೂ. ‘ಕೇಳು’ ಅಂದ್ರೆ ಆಸ್ಕ್ ಕೂಡ ಹೌದು. ಇಂಗ್ಲಿಷಲ್ಲೂ ಸಿನಿಮಾಗೆ ಸೀ, ವಾಚ್ ಎರಡೂ ನಡೆಯುತ್ತೆ. ಮಕ್ಕಳು ಎಡವೋದು ಇಂಥ ಕಡೆಗಳಲ್ಲೇ. ಆದರೆ ದಾರಿ ಎಲ್ಲಿ ಕವಲೊಡೆಯುತ್ತೆ ಅಂತ ತೋರಿಸೋಕೆ ಎರಡೂ ಭಾಷೆ ಬೋರ್ಡಿನ ಮೇಲಿರಬೇಕಲ್ವಾ? ಕನ್ನಡ ಒರೆಸಿಹಾಕಿದರೆ ಉಳಿಯೋದು ಬಾಯಿಪಾಠ, ಜೊತೆಗೆ ನಗ್ತಾರೇನೋ ಅನ್ನೋ ಭಯ.

ಅವಳಿಗೆ ಅಂದು ಬೇಕಿದ್ದಿದ್ದು ಒಂದೇ ಪ್ರಶ್ನೆ: ‘ಪುಟ್ಟಿ, ಹಕ್ಕಿ ಕಾಣ್ತಾ, ಇಲ್ಲಾ ನೋಡ್ತಾ ನಿಂತಿದ್ಯಾ?’ ಉತ್ತರ ಅವಳೇ ಹೇಳ್ತಿದ್ಲು. ಕೇಳಲು ನನಗೇ ಆಗ ಹೊಳೀಲಿಲ್ಲ.

ನಿಮ್ಮನ್ನ ಹೀಗೆ ಬಾಯಿ ಮುಚ್ಚಿಸಿದ ಇಂಗ್ಲಿಷ್ ಪದ ಯಾವುದು? ಕಾಮೆಂಟಲ್ಲಿ ಬರೀರಿ, ಮುಂದಿನ ಸಲ ಅದನ್ನೇ ಬಿಡಿಸೋಣ.

#ಗುಡವಿ #ಸೊರಬ #ಕನ್ನಡದಿಂದ_ಇಂಗ್ಲಿಷ್